ಗರಗಸದ ಆಚೆ ಬದಿ

1982ರ ಜೂನ್ ಮೊದಲ ವಾರದಲ್ಲಿ ನನ್ನ ಅಣ್ಣ ಈರಪ್ಪ ಬೆಳಗಾವಿಯ ವಡಗಾವಿಯಲ್ಲಿ, ಮಗ್ಗ ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಿಂದ, ಮರ ಕೊಯ್ಯುವ ಹಳೆಯ ಯಂತ್ರವೊಂದನ್ನು ಕೊಂಡ. ಪೆಟ್ರೋಲ್ ಎಂಜಿನ್ನಿನ ದೊಡ್ಡ ಯಂತ್ರ ಗರಗಸ ಅದು. ಕೊಳ್ಳುವಾಗ ಅವನ ಜೊತೆ ಇಬ್ಬರಿದ್ದೆವು. ಒಬ್ಬ ಅವನ ಜೋಡಿದಾರ ಖಾದರ್, ಇನ್ನೊಬ್ಬ ನಾನು.

ಮೊನ್ನೆ, ನಾಲ್ಕು ವರ್ಷಗಳ ನಂತರ, ಹಿಂದವಾಡಿಯ ನನ್ನ ಕೋಣೆಯ ಮುಂದೆ ಯಾರೋ ಮಳೆಯಲ್ಲಿ ಲೂನಾ ಮೊಪೆಡ್ ಚಾಲೂ ಮಾಡಲು ಹೆಣಗುತ್ತಿದ್ದರು. ಎದುರು ಮನೆಯವರು ಹಸಿ ಕಟ್ಟಿಗೆ ಒಡೆಸಿ ರಾಶಿ ಹಾಕಿದ್ದರು. ಆಯಿಲ್ ಬೆರೆಸಿದ ಪೆಟ್ರೋಲಿನ ಹೊಗೆ ಮತ್ತು ತೊಯ್ದ ಮರದ ವಾಸನೆ ಒಟ್ಟಿಗೆ ಬಂದವು. ಬಾಗಿಲು ತೆಗೆಯಲು ಹೋದವನು ಚಿಲಕದ ಮೇಲೆ ಕೈ ಇಟ್ಟುಕೊಂಡು ಹಾಗೆಯೇ ನಿಂತೆ. ಲೂನಾ ಹೊರಟುಹೋದ ಮೇಲೆ ಬಾಗಿಲು ತೆಗೆದೆ. ಆ ಮಳೆಗಾಲದ ಸಂಗತಿಗಳನ್ನು ಒಮ್ಮೆ ಕ್ರಮವಾಗಿ ಬರೆದಿಡಬೇಕೆಂದು ಅನಿಸಿದ್ದು ಆಗ.

ಅಣ್ಣ ಮತ್ತು ಖಾದರ್ ಖಾನಾಪುರದಲ್ಲಿ ಇಬ್ಬರು ಎಳೆಯುವ ಗರಗಸದ ಕೆಲಸ ಮಾಡುತ್ತಿದ್ದರು. ಉದ್ದನೆಯ ಅಲಗು, ಎರಡು ತುದಿಗೆ ಎರಡು ಹಿಡಿಕೆ. ದಿಮ್ಮಿಯ ಈಚೆ ಒಬ್ಬ, ಆಚೆ ಒಬ್ಬ. ಆ ಕೆಲಸದ ಮುಖ್ಯ ನಿಯಮ ಎಳೆಯಬೇಕು, ತಳ್ಳಬಾರದು ಎಂಬುದು. ತಳ್ಳಿದರೆ ಅಲಗು ಬಾಗುತ್ತದೆ. ಆದ್ದರಿಂದ ತನ್ನ ಸರದಿಗೆ ಎಳೆದವನು ಕೂಡಲೇ ಕೈ ಸಡಿಲ ಬಿಡುತ್ತಾನೆ. ಆಗ ಎದುರಿನವನು ಎಳೆಯುತ್ತಾನೆ. ಕೆಲವೊಮ್ಮೆ ದಿಮ್ಮಿಯ ಭಾರಕ್ಕೆ ಕೊಯ್ದ ಸೀಳು ಮುಚ್ಚಿಕೊಂಡು ಅಲಗನ್ನು ಕಚ್ಚುತ್ತದೆ. ಆಗ ಅಣ್ಣ ಸೀಳಿನಲ್ಲಿ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ, ಸೀಳು ತೆರೆದ ಕ್ಷಣಕ್ಕೆ ಖಾದರ್ ಆಚೆಯಿಂದ ಅಲಗನ್ನು ಎತ್ತಿ ಎಳೆಯುತ್ತಿದ್ದ. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಇಬ್ಬರಿಗೂ ಮದುವೆಯಾಗುವುದಕ್ಕೆ ಮೊದಲಿನಿಂದ ಹೀಗೆ ನಡೆದಿತ್ತು. ಖಾದರ್ ಯಾವಾಗಲೂ ಆಚೆ ಬದಿ. ಅದು ಹೇಗೆ ನಿಶ್ಚಯವಾಯಿತೆಂದು ಕೇಳಿದರೆ ಇಬ್ಬರೂ ಯೋಚಿಸಿ, ಗೊತ್ತಿಲ್ಲ ಎನ್ನುತ್ತಿದ್ದರು.

ಯಂತ್ರ ಕೊಳ್ಳುವ ಹಿಂದಿನ ವರ್ಷ, ಮಳೆಗಾಲದಲ್ಲಿ ಖಾದರನ ಬಲ ಭುಜ ಹಿಡಿದುಕೊಂಡಿತು. ಎಣ್ಣೆ, ಕಾವು, ಬೆಳಗಾವಿಯ ಡಾಕ್ಟರರ ಗುಳಿಗೆ ಎಲ್ಲ ಆದವು. ಕೈ ಹೆಗಲಿಗಿಂತ ಮೇಲೆ ಏಳಲಿಲ್ಲ. ಒಂದೆರಡು ಸಲ ಎಳೆದರೆ ಅವನ ತುಟಿ ಬೆಳ್ಳಗಾಗುತ್ತಿತ್ತು. ಅಣ್ಣ ಬೇರೆಯವನೊಬ್ಬನನ್ನು ಕರೆದುಕೊಂಡು ಒಂದು ದಿನ ಕೆಲಸಕ್ಕೆ ಹೋಗಿ ಮಧ್ಯಾಹ್ನವೇ ಹಿಂತಿರುಗಿ ಬಂದ. "ಅಂವ ತಳ್ಳತಾನ," ಎಂದಷ್ಟೇ ಹೇಳಿ ಗರಗಸವನ್ನು ಗೋಡೆಗೆ ತೂಗುಹಾಕಿದ.

ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನ ಮುಂದೆ ನಕ್ಕಳು. "ನಿಮ್ಮ ಅಣ್ಣಗ ಬ್ಯಾರೆ ಹೇಂತಿ ಸಿಕ್ಕರ ನಡದೀತು. ಬ್ಯಾರೆ ಖಾದರ ಸಿಕ್ಕರ ನಡ್ಯಂಗಿಲ್ಲ."

ಯಂತ್ರದ ಯೋಚನೆ ಬಂದದ್ದು ಹೀಗೆ. ಎಳೆಯುವ ಕೆಲಸವೇ ಇಲ್ಲದಿದ್ದರೆ ಖಾದರ್ ಬಿಟ್ಟುಹೋಗಬೇಕಾಗಿಲ್ಲ ಎಂಬುದು ಅಣ್ಣನ ಲೆಕ್ಕ. ಎಳೆಯುವ ಕೆಲಸವೇ ಇಲ್ಲದಿದ್ದರೆ ತಾನು ಯಾಕೆ ಎಂಬುದು ಖಾದರನ ಮುಖದಲ್ಲಿದ್ದ ಪ್ರಶ್ನೆ. ವಡಗಾವಿಗೆ ಹೋಗುವ ಬಸ್ಸಿನಲ್ಲಿ ಅವನು ನಮ್ಮನ್ನು ಬಿಟ್ಟು ಹಿಂದಿನ ಸೀಟಿನಲ್ಲಿ ಕೂತ.

ನನಗೆ ಬೇರೆಯ ಕಾರಣಕ್ಕೆ ಸಮಾಧಾನವಿರಲಿಲ್ಲ. ನಾನು ಆಗ ಬೆಳಗಾವಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅದಕ್ಕೂ ಕೆಲವು ತಿಂಗಳ ಹಿಂದೆ ನನ್ನ ಕೈಯಿಂದಲೇ ಒಂದು ಸಣ್ಣ ಸುದ್ದಿ ಅಚ್ಚಿಗೆ ಹೋಗಿತ್ತು: ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿರುವ ಕಾಡಿನಲ್ಲಿ ಮರ ಕಡಿಯುವಾಗ ಯಂತ್ರ ತಗುಲಿ ಕಾರ್ಮಿಕನೊಬ್ಬ ಸತ್ತಿದ್ದಾನೆ. ಹೆಸರಿಲ್ಲ, ಊರಿಲ್ಲ. ಪುಟದ ಕೆಳಗೆ ಉಳಿದಿದ್ದ ಜಾಗಕ್ಕೆ ಅದು ಸರಿಯಾಗಿ ಕೂತಿತ್ತು.

ವರ್ಕ್‌ಶಾಪಿನ ಮಾಲೀಕ ದಾದಾಪೀರ, ಕೂರಲು ಸ್ಟೂಲೂ ಇಲ್ಲದ ಅಂಗಡಿಯಲ್ಲಿ, "ಬರ್ರಿ ಬರ್ರಿ, ಕುಂದರ್ರಿ," ಎಂದು ಸ್ವಾಗತಿಸಿದ. ಗೋಣಿಚೀಲ ಸರಿಸಿ ಯಂತ್ರ ತೋರಿಸಿದ. ತುಂಬಿದ ಕೊಡದಷ್ಟು ಭಾರ. ಅಲಗನ್ನು ನೆಲಕ್ಕೆ ಊರಿ ನಿಲ್ಲಿಸಿದರೆ ಅಣ್ಣನ ಸೊಂಟ ದಾಟುತ್ತಿತ್ತು. ಅಲಗಿನ ಸುತ್ತ ಹಲ್ಲಿನ ಚೈನು. ಎಂಜಿನ್ ಮೇಲಿದ್ದ ಹೆಸರಿನ ಪಟ್ಟಿಯನ್ನು ಯಾರೋ ಕೆರೆದು ತೆಗೆದಿದ್ದರು.

"ಲೂನಾದ ಎಂಜಿನ್ ನೋಡೀರಿಲ್ರಿ? ಅಂಥಾವು ಎರಡು ಕೂಡಿಸಿದ್ರೂ ಇದರ ಬಾಜೂಕ ನಿಂದರಂಗಿಲ್ಲ," ಎಂದ ದಾದಾಪೀರ.

"ಎಲ್ಲಿಂದ ಬಂತಿದು?" ಎಂದು ನಾನು ಕೇಳಿದೆ.

"ಅಣೆಕಟ್ಟಿನ ಕಡಿಂದ. ಮುಳಗೋ ಅಡವ್ಯಾಗ ಮರ ಕಡ್ಯಾಕ ಒಬ್ಬ ಗುತ್ತೇದಾರ ತಂದಿದ್ದ. ಕೆಲಸ ಮುಗೀತು, ಮಾರಿ ಹೋದ."

"ಇದನ್ನ ಓಡಸ್ತಿದ್ದವ ಎಲ್ಲಿದಾನ?"

"ಅದನ್ನ ನನಗ ಕೇಳ್ತೀರಲ್ರಿ ಸಾಹೇಬ್ರ! ನಾ ಮಗ್ಗಾ ರಿಪೇರಿ ಮಾಡಾಂವ. ಇಲ್ಲಿ ನೇಯ್ದ ಸೀರಿ ಉಟ್ಟಾಕಿ ಎಲ್ಲಿದಾಳ ಅಂತನೂ ಕೇಳ್ರಿ ಮತ್ತ."

ಅವನು ಯಂತ್ರವನ್ನು ಓಣಿಗೆ ತಂದು, ಕಾಲಿನಿಂದ ಒತ್ತಿ ಹಿಡಿದು ಹಗ್ಗ ಎಳೆದ. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಚಾಲೂ ಆದಾಗ ಓಣಿಯ ಎಲ್ಲ ಪವರ್‌ಲೂಮುಗಳ ಸದ್ದು ಒಮ್ಮೆಗೆ ಇಲ್ಲವಾಯಿತು. ನೇಕಾರರು ಬಾಗಿಲಿಗೆ ಬಂದು ನಿಂತರು. ಅವರ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ದಾದಾಪೀರ ವೇಗ ಕೊಡುವ ರೇಸ್ ಒತ್ತಿದ್ದ ಬೆರಳನ್ನು ಬಿಟ್ಟ. ಎಂಜಿನ್ನಿನ ಸದ್ದು ಇಳಿಯಿತು. ಚೈನು ಮಾತ್ರ ನಿಲ್ಲಲಿಲ್ಲ. ನಿಧಾನವಾಗಿ, ಹರಿದಾಡುವ ಹುಳುವಿನಂತೆ, ಅಲಗಿನ ಸುತ್ತ ತಿರುಗುತ್ತಲೇ ಇತ್ತು.

"ರೇಸ್ ಬಿಟ್ರೂ ತಿರಗಾಕತ್ತೈತಲ್ಲ?" ಅಣ್ಣ ಕೂಗಿ ಕೇಳಿದ.

"ಕ್ಲಚ್ಚಿನ ಸ್ಪ್ರಿಂಗ್ ಸವದೈತ್ರಿ. ಇದರದು ಬೆಳಗಾವ್ಯಾಗ ಸಿಗಂಗಿಲ್ಲ, ಮುಂಬೈದಿಂದ ತರಸಬೇಕು. ಎಂಜಿನ್ ಬಂದ್ ಮಾಡಿದ್ರ ಅದೂ ನಿಂದರತೈತಿ. ಹಳೇ ಗಾಡಿ ಅಂದಮ್ಯಾಲ ಏನರ ಒಂದು ಚಾಳಿ ಇರೂದ."

ಆವರೆಗೆ ದೂರ ನಿಂತಿದ್ದ ಖಾದರ್, ಎಂಜಿನ್ ನಿಂತ ಮೇಲೆ ಹತ್ತಿರ ಬಂದು ಅಲಗಿನ ತುದಿಯಲ್ಲಿದ್ದ ಎರಡು ತೂತುಗಳಲ್ಲಿ ಬೆರಳಿಟ್ಟು ನೋಡಿದ. "ಇಲ್ಲೇನೋ ಇತ್ತಲ್ಲ?"

"ಹಿಡಿಕಿ ಇತ್ತಂತ. ಭಾಳ ದೊಡ್ಡ ಮರ ಇದ್ರ ಆಚಿಂದ ಇನ್ನೊಬ್ಬ ಹಿಡೀತಿದ್ನಂತ. ನನ್ನ ಕಡೆ ಬಂದಾಗ ಇರಲಿಲ್ಲ."

"ಯಾಕ ತಗದ್ರು?"

"ಅಲ್ಲಾನಿಗೆ ಗೊತ್ತು."

ಆ ದಿನ ಖಾದರ್ ನಕ್ಕದ್ದು ಆಗ, ಮೊದಲ ಸಲ. ಅಣ್ಣನ ಕಡೆ ತಿರುಗಿ ಹೇಳಿದ: "ಅಂದ್ರ ಇದಕ್ಕೂ ಇಬ್ರ ಬೇಕಲ್ಲೋ ಈರಾ."

ಅಣ್ಣ ಮತ್ತೇನನ್ನೂ ಪರೀಕ್ಷಿಸಲಿಲ್ಲ. ವ್ಯವಹಾರ ಅಲ್ಲಿಗೆ ಮುಗಿಯಿತು.

ಖಾನಾಪುರದ ಬಸ್ಸಿನಲ್ಲಿ ಕಂಡಕ್ಟರ್ ಗೋಣಿಚೀಲದ ಗಂಟನ್ನು ನೋಡಿ, "ಏನ್ರಿ ಇದು, ತೋಪು ಹೊತ್ತು ನಡದೀರೇನು?" ಎಂದ. ಯಂತ್ರವನ್ನು ಮೂವರ ಕಾಲುಗಳ ನಡುವೆ ಮಲಗಿಸಿದ್ದೆವು. ಪೀರನವಾಡಿ ದಾಟಿದ ಮೇಲೆ ನಾನು ಆ ಸುದ್ದಿಯ ವಿಷಯ ಹೇಳಿದೆ. ಅದೇ ಅಡವಿ, ಅಂಥದ್ದೇ ಯಂತ್ರ, ಒಬ್ಬ ಸತ್ತಿದ್ದಾನೆ ಎಂದೆ.

"ಏನಂವನ ಹೆಸರು?" ಖಾದರ್ ಕೇಳಿದ.

"ಬಂದಿರಲಿಲ್ಲ."

"ಎಲ್ಲಿ ಬಡೀತು ಅವಗ?"

"ಅದೂ ಇರಲಿಲ್ಲ."

"ಮತ್ತ ಏನ್ ಅಚ್ಚ ಹಾಕಿದ್ಯೋ ನಮ್ಮಪ್ಪ?" ಎಂದು ಅವನು ನನ್ನ ತೊಡೆಗೆ ಹೊಡೆದು ನಕ್ಕ. ಅಣ್ಣ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಅದೇ ಯಂತ್ರವೆಂದು ಹೇಳಲು ನನ್ನಲ್ಲಿ ಆಧಾರವಿರಲಿಲ್ಲ. ಅಲ್ಲವೆಂದು ಹೇಳಲೂ ಇರಲಿಲ್ಲ. ಇಂದಿಗೂ ಇಲ್ಲ.

ಅದೇ ತಿಂಗಳು ನಮ್ಮ ಪತ್ರಿಕೆಯ ಖಾನಾಪುರದ ವರದಿಗಾರರಿಗೆ ಕಾಮಾಲೆಯಾಗಿ, ಮಳೆಗಾಲ ಮುಗಿಯುವವರೆಗೆ ಅವರ ಜಾಗಕ್ಕೆ ನನ್ನನ್ನು ಕಳಿಸಿದರು. ಅಣ್ಣನ ಮನೆಯಲ್ಲೇ ಉಳಿದೆ. ಹಂಚಿನ ಕಾರ್ಖಾನೆಗಳು ಮಳೆಗೆ ಬೆಂಕಿ ಆರಿಸಿ ಕೂತಿದ್ದವು. ಮಲಪ್ರಭೆಯ ನೀರು ಏರಿದಷ್ಟು, ಸೇತುವೆ ಮುಳುಗಿದಷ್ಟು, ಮರ ಬಿದ್ದಷ್ಟು ನನಗೆ ಸುದ್ದಿ. ಮರ ಬಿದ್ದಷ್ಟು ಅಣ್ಣನಿಗೆ ಕೆಲಸ. ರಸ್ತೆಗೆ ಅಡ್ಡ ಬಿದ್ದ ಮರಗಳನ್ನು ತೆಗೆಸಲು ರಸ್ತೆ ಇಲಾಖೆಯವರು ಜೀಪು ಕಳಿಸತೊಡಗಿದ್ದರು. ಕೈಗರಗಸಕ್ಕೆ ಇಡೀ ದಿನ ಹಿಡಿಯುವ ದಿಮ್ಮಿಯನ್ನು ಯಂತ್ರ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಕೊಯ್ಯುತ್ತದೆ ಎಂಬ ಮಾತು ತಾಲೂಕಿನಲ್ಲೆಲ್ಲ ಹಬ್ಬಿತ್ತು.

ಯಂತ್ರ ಇರುತ್ತಿದ್ದುದು ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ. ವೈನಿ ಅದರ ಮೇಲೆ ಹಳೆಯ ಕೌದಿ ಮುಚ್ಚಿದ್ದಳು. "ಕಣ್ಣಿಗೆ ಬಿದ್ರ ರೊಟ್ಟಿ ಬಡ್ಯಾಕ ಕೈ ಏಳಂಗಿಲ್ಲ," ಎನ್ನುತ್ತಿದ್ದಳು. ನಾನು ಅಲ್ಲೇ ಹಾಸಿಗೆ ಹಾಸಿಕೊಳ್ಳಬೇಕಾಗಿತ್ತು. ಕೌದಿಯ ಕೆಳಗಿನಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು. ಬೆಳಿಗ್ಗೆ ಎದ್ದಾಗ ಬಾಯಲ್ಲಿ ಅದರದೇ ರುಚಿ.

ಅಣ್ಣ ಮತ್ತಿ ಮರದ ತುಂಡೊಂದನ್ನು ಕೆತ್ತಿ ಹಿಡಿಕೆ ಮಾಡಿದ. ಅಲಗಿನ ತುದಿಯ ತೂತುಗಳಿಗೆ ಬೋಲ್ಟು ಹಾಕಿ ಬಿಗಿದ. ಖಾದರನ ಎಡಗೈಗೆ ಹೊಂದುವಂತೆ ಒಂದು ಕಡೆ ಸ್ವಲ್ಪ ಹೆಚ್ಚು ಕೆತ್ತಿದ್ದ. ಚೈನು ಅಲ್ಲಿಂದ ಒಂದು ಗೇಣು ದೂರದಲ್ಲಿ ತಿರುಗುತ್ತಿತ್ತು.

"ಅಣ್ಣಾ, ಇದಕ್ಕ ಒಬ್ಬ ಸಾಕು. ಆಚಿ ಬಾಜೂ ಯಾರೂ ನಿಂದರೂದ ಬ್ಯಾಡ," ಎಂದೆ.

ಅವನು ಬೋಲ್ಟು ತಿರುಗಿಸುತ್ತಲೇ ಹೇಳಿದ: "ಹಂಗಾದ್ರ ನೀನ ಹೋಗಿ ಅವಗ ಹೇಳ. ನಾಳಿಂದ ಮನ್ಯಾಗ ಕುಂದರು ಅನ್ನು. ಹೇಳ್ತೀಯೇನು?"

ನಾನು ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೆಂಬುದು ಊಹೆ. ಇಲ್ಲಿ ಅದಕ್ಕೆ ಜಾಗವಿಲ್ಲ.

ಜುಲೈ ಮೊದಲ ವಾರದಲ್ಲಿ ನಂದಗಡದ ರಸ್ತೆಯಲ್ಲಿ ಅವರು ಕೆಲಸ ಮಾಡುವುದನ್ನು ಮೊದಲ ಸಲ ನೋಡಿದೆ. ಈಚೆ ಅಣ್ಣ, ಎಂಜಿನ್ನಿನ ಮೇಲೆ ಬಗ್ಗಿ ನಿಂತಿದ್ದ. ಆಚೆ ಖಾದರ್, ತಲೆಗೆ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಹಾಕಿಕೊಂಡು, ಎಡಗೈಯಲ್ಲಿ ಹಿಡಿಕೆ. ಚೈನು ತನ್ನಷ್ಟಕ್ಕೆ ಕೊಯ್ಯುತ್ತಿತ್ತು. ಆಚೆಯವನು ಅಲಗನ್ನು ನೆಟ್ಟಗೆ ಹಿಡಿದು ನಿಂತರೆ ಸಾಕಾಗಿತ್ತು. ಖಾದರ್ ಮಾತ್ರ ಎಳೆಯುತ್ತಿದ್ದ. ಸೊಂಟ ಹಿಂದಕ್ಕೆ ಹೋಗುತ್ತಿತ್ತು, ಭುಜ ಬಾಗುತ್ತಿತ್ತು, ಕೈ ಸಡಿಲವಾಗುತ್ತಿತ್ತು; ಮತ್ತೆ ಎಳೆಯುತ್ತಿದ್ದ. ಎದುರು ಯಾರೂ ತಿರುಗಿ ಎಳೆಯುತ್ತಿರಲಿಲ್ಲ. ಪ್ರತಿ ಎಳೆತಕ್ಕೆ ಅಣ್ಣನ ಕೈಯಲ್ಲಿದ್ದ ಎಂಜಿನ್ ಅದುರಿ ಮುಂದಕ್ಕೆ ವಾಲುತ್ತಿತ್ತು. ಅಣ್ಣ ತಲೆ ಅಲ್ಲಾಡಿಸಿ ಬೇಡವೆಂದು ಸನ್ನೆ ಮಾಡಿದ. ಖಾದರ್ ಹೂಂ ಎಂದು ಸನ್ನೆ ಮಾಡಿ, ಸ್ವಲ್ಪ ಹೊತ್ತು ನೆಟ್ಟಗೆ ನಿಂತು, ಮತ್ತೆ ಎಳೆಯತೊಡಗಿದ. ಬಿದ್ದ ಮರದ ಉದ್ದ ಕೇಳಿ ಬರೆದುಕೊಳ್ಳಲು ಬಂದಿದ್ದ ನಾನು, ಪೆನ್ನು ತೆಗೆಯದೆ ನಿಂತಿದ್ದೆ.

ಅಲ್ಲಿಂದ ಮುಂದೆ ಜೀಪಿನ ಹಾರ್ನ್ ಕೇಳಿದರೆ ನಾನೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಸುದ್ದಿಯ ನೆಪ ಹೇಳಿ ಪ್ರತಿ ಸಲವೂ ಜೊತೆಗೆ ಹೋಗತೊಡಗಿದೆ. ಹೋಗಿ ಮಾಡುವುದೇನೂ ಇರಲಿಲ್ಲ. ಖಾದರ್ ಜೀಪಿನಲ್ಲಿ ನನ್ನನ್ನು ಛೇಡಿಸುತ್ತಿದ್ದ: "ಪೇಪರ್‌ನವ್ರು ಬಂದ್ರು. ಇವತ್ತರ ನನ್ನ ಹೆಸರು ಸುದ್ದ್ಯಾಗ ಬರಿಯೋ."

ಆ ತಿಂಗಳ ಕೊನೆಯಲ್ಲಿ ಒಂದು ದಿನ ಬೆಳಿಗ್ಗೆ ಲೋಂಡಾ ರಸ್ತೆಯಲ್ಲಿ, ಖಾನಾಪುರದಿಂದ ಸಾಕಷ್ಟು ದೂರದಲ್ಲಿ, ದೊಡ್ಡ ಮಾವಿನ ಮರವೊಂದು ಬೇರುಸಹಿತ ರಸ್ತೆಗೆ ಅಡ್ಡ ಬಿತ್ತು. ಖಾನಾಪುರದ ಕಡೆಯ ಗಾಡಿಗಳನ್ನು ಪೊಲೀಸರು ಊರಿನಲ್ಲೇ ತಡೆದಿದ್ದರು. ಲೋಂಡಾ ಕಡೆಯಿಂದ ಬಂದ ಒಂದು ಬಸ್ಸು ಮಾತ್ರ ಮರದ ಆಚೆ ಸಿಕ್ಕಿಹಾಕಿಕೊಂಡಿತ್ತು. ನಮ್ಮನ್ನು ಇಳಿಸಿದ ಜೀಪು ಮತ್ತೊಂದು ಕಡೆ ಮರ ಬಿದ್ದಿದೆಯೆಂದು ಹೊರಟುಹೋಯಿತು. ಮಳೆ ಒಂದೇ ಸಮ ಸುರಿಯುತ್ತಿತ್ತು.

ಕೊಂಬೆಗಳ ಕಡೆಯ ಮೊದಲ ಕೊಯ್ತ ಸುಸೂತ್ರವಾಗಿ ಆಯಿತು. ಕಾಂಡದ ಆ ತುದಿ ರಸ್ತೆಗೆ ಕುಸಿದು ಕೂತಿತು. ಇನ್ನೊಂದು ತುದಿ ಬೇರಿನ ಕಡೆ, ದಿಬ್ಬದ ಮೇಲೆ, ಹಾಗೇ ಅಂಟಿಕೊಂಡಿತ್ತು. ಅಲ್ಲಿ ಇನ್ನೊಂದು ಕೊಯ್ತ ಹಾಕಿದರೆ ದಿಮ್ಮಿಯನ್ನು ಇಳಿಜಾರಿಗೆ ಉರುಳಿಸಬಹುದಾಗಿತ್ತು. ಕೈಗರಗಸದವರು ದಿಮ್ಮಿಯನ್ನು ಮೇಲಿನಿಂದಲೇ ಕೊಯ್ಯುವುದು. ಇವರೂ ಮೇಲಿನಿಂದಲೇ ಯಂತ್ರ ಹಚ್ಚಿದರು. ಅರ್ಧಕ್ಕೆ ಬರುವಷ್ಟರಲ್ಲಿ ಸೀಳು ಮುಚ್ಚಿಕೊಂಡು ಅಲಗನ್ನು ಕಚ್ಚಿತು.

ಅಣ್ಣ ರೇಸ್ ಬಿಟ್ಟ. ಎಂಜಿನ್ ಬಂದ್ ಮಾಡಲಿಲ್ಲ. ತೊಯ್ದ ಎಂಜಿನ್ ಮತ್ತೆ ಚಾಲೂ ಆಗಲು ಬಹಳ ಸತಾಯಿಸುತ್ತಿತ್ತು. ಯಂತ್ರ ಮರದಲ್ಲಿ ಸಿಕ್ಕಿಕೊಂಡು, ಕೈ ಬಿಟ್ಟರೂ ಬೀಳದೆ ನಿಂತಿತ್ತು. ಅಣ್ಣ ಅದನ್ನು ಬಿಟ್ಟು, ಸೀಳಿನಲ್ಲಿ ಬೆಣೆ ಇಟ್ಟು, ಸುತ್ತಿಗೆ ಎತ್ತಿ ಹೊಡೆದ. ಎಷ್ಟೋ ವರ್ಷಗಳಿಂದ ಮಾಡಿದಂತೆಯೇ. ಸೀಳು ತೆರೆಯಿತು. ಖಾದರ್, ಎಷ್ಟೋ ವರ್ಷಗಳಿಂದ ಮಾಡಿದಂತೆಯೇ, ಆಚೆಯಿಂದ ಎತ್ತಿ ಎಳೆದ.

ಮುಂದಿನದು ನಾನು ಕಣ್ಣಾರೆ ಕಂಡದ್ದು. ಅಲಗು ಸೀಳಿನಿಂದ ಮೇಲೆ ಬಂತು. ಈಚೆ ಎಂಜಿನ್ ಜಾರಿ ಬೀಳತೊಡಗಿತು. ಅಣ್ಣ ಸುತ್ತಿಗೆ ಬಿಸಾಡಿ ಹಿಂದಿನ ಹಿಡಿ ಹಿಡಿದ. ಹಿಡಿದ ಬೆರಳುಗಳು ರೇಸನ್ನೂ ಒತ್ತಿದವು. ಚೈನು ಪೂರ್ತಿ ವೇಗದಲ್ಲಿ ಮರದ ಸಿಪ್ಪೆಯನ್ನು ಕಚ್ಚಿಕೊಂಡು ಇಡೀ ಯಂತ್ರವನ್ನು ಆಚೆ ಎಳೆದೊಯ್ದಿತು. ಖಾದರ್ ಎಳೆದು ಮುಗಿಸಿದ್ದ. ಎಳೆದಾದ ಮೇಲೆ ಮಾಡಬೇಕಾದದ್ದನ್ನು ಮಾಡಿದ. ಕೈ ಸಡಿಲ ಬಿಟ್ಟ. ಅಲಗಿನ ತುದಿ ಅವನ ಎಡತೊಡೆಯ ಮೇಲೆ ಬಿತ್ತು.

ಅವನು ಕೂಗಲಿಲ್ಲ. ಕೂತುಕೊಂಡ. ಅಣ್ಣ ಎಂಜಿನ್ ಬಂದ್ ಮಾಡಿದಾಗ ಮಳೆಯ ಸದ್ದು ಒಮ್ಮೆಲೇ ಕಿವಿಗೆ ಬಂತು. ನಾನು ದಿಮ್ಮಿ ಹತ್ತಿ ಆಚೆ ಹಾರಿದೆ. ಬಸ್ಸಿನ ಪ್ರಯಾಣಿಕನೊಬ್ಬ ತನ್ನ ಧೋತರ ಹರಿದು ಕೊಟ್ಟ. ಬಿಗಿದು ಕಟ್ಟಿ, ನಾಲ್ಕೈದು ಜನ ಎತ್ತಿ, ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿದೆವು. ಕಟ್ಟಿದ್ದು ಕೂಡಲೇ ಕೆಂಪಾಯಿತು. ನಾನು ಎರಡೂ ಅಂಗೈಗಳಿಂದ ಒತ್ತಿ ಹಿಡಿದೆ.

"ಹೊಂಡ್ರಿ, ಹೊಂಡ್ರಿ," ಎಂದು ಯಾರೋ ಡ್ರೈವರ್‌ಗೆ ಅಂದರು.

"ಎಲ್ಲಿಗಿ ಹೊಂಡ್ಲಿ ಯಪ್ಪಾ?" ಎಂದು ಡ್ರೈವರ್ ಗಾಜಿನ ಕಡೆ ಕೈ ಮಾಡಿದ. ಮುಂದೆ ದಿಮ್ಮಿ. ಅದರ ಆಚೆ ಆಸ್ಪತ್ರೆ ಇರುವ ಖಾನಾಪುರ. ಹಿಂದೆ ಲೋಂಡಾದವರೆಗೂ ಅಡವಿ. ದಿಮ್ಮಿಯಾಚೆಗೆ ಹೊತ್ತು ನಡೆಯೋಣವೆಂದರೆ, ಊರು ಮುಟ್ಟುವವರೆಗೆ ಅವನಲ್ಲಿ ರಕ್ತ ಉಳಿಯುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಅಣ್ಣ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಖಾದರನನ್ನು ನೋಡಿದ. ಇಳಿದುಹೋದ. ಸ್ವಲ್ಪ ಹೊತ್ತಿಗೆ ಹಗ್ಗ ಎಳೆಯುವ ಸದ್ದು ಕೇಳಿತು. ಎಂಜಿನ್ ಕೆಮ್ಮಿತು. ನಿಂತಿತು. ಮತ್ತೆ ಹಗ್ಗ. ಮತ್ತೆ ಹಗ್ಗ.

ನಾನಿದ್ದ ಜಾಗದಿಂದ ಏನೂ ಕಾಣಿಸುತ್ತಿರಲಿಲ್ಲ. ಮುಂದಿನ ಗಾಜಿನ ಬಳಿ ಜನ ನಿಂತಿದ್ದರು. ಅವರ ಬೆನ್ನುಗಳ ಆಚೆ ಎಂಜಿನ್ ಚಾಲೂ ಆಯಿತು.

ಖಾದರ್ ಕಣ್ಣು ಮುಚ್ಚಿದ್ದ. "ಒಬ್ಬನ ಅದಾನೇನು?"

"ಒಬ್ಬನ."

"ಆಚಿ ಬಾಜೂ ಯಾರ್ನೂ ನಿಲ್ಲಿಸಬ್ಯಾಡ ಅನ್ನು."

"ಅವಗ ಕೇಳಂಗಿಲ್ಲ ಖಾದರಣ್ಣಾ."

"ಹೋಗಿ ಹೇಳ."

"ಕೈ ತಗದ್ರ ರಕ್ತ ಹರೀತೈತಿ. ಸುಮ್ನಿರು."

ಸದ್ದು ಮರದೊಳಗೆ ಹೊಕ್ಕು ದಪ್ಪವಾಯಿತು. ಖಾದರನ ಬೆರಳುಗಳು ಸೀಟಿನ ಅಂಚಿನ ಮೇಲೆ ಆಡುತ್ತಿದ್ದವು. "ಕೆಳಗಿಂದ ಹಚ್ಯಾನ," ಎಂದ. "ಚೊಲೋ ಮಾಡಿದ. ಇನ್ನ ಅದು ಅವನ್ನ ಹಿಂದಕ್ಕ ತಳ್ಳತೈತಿ. ಹಿಂದ ಜಾಗಾ ಐತೇನು? ಕೆಸರೈತೇನು?"

ನನಗೆ ಗೊತ್ತಿರಲಿಲ್ಲ. ಕೆಸರಿತ್ತು ಎಂದು ನೆನಪಾಯಿತು. ಹೇಳಲಿಲ್ಲ. ನನ್ನ ಅಂಗೈಯ ಕೆಳಗೆ ಬೆಚ್ಚಗಿನದು ಹೆಚ್ಚುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಸತ್ತ ಆ ಕಾರ್ಮಿಕನಿಗೂ ಯಾರಾದರೂ ಹೀಗೆ ಒತ್ತಿ ಹಿಡಿದಿದ್ದರೇ ಎಂಬ ಯೋಚನೆ ಬಂತು. ಅದನ್ನು ಅಚ್ಚಿಗೆ ಕಳಿಸಿದ ದಿನ ನನಗೆ ಬಂದಿರಲಿಲ್ಲ.

ಒಮ್ಮೆಲೇ ಸದ್ದು ನಿಂತಿತು.

ಖಾದರ್ ಕಣ್ಣು ತೆರೆದ. ಕೊಯ್ದು ಮುಗಿಸಿ ನಿಲ್ಲಿಸಿದರೂ ಸದ್ದು ಹೀಗೇ ನಿಲ್ಲುತ್ತದೆ. ನಿಲ್ಲಿಸುವವನು ಇಲ್ಲದೆ ಯಂತ್ರ ಕೆಸರಿಗೆ ಬಿದ್ದರೂ ಹೀಗೇ ನಿಲ್ಲುತ್ತದೆ. ಮುಂದಿನವರು ಗಾಜಿನ ಮೇಲಿನ ಹಬೆಯನ್ನು ಕೈಯಿಂದ ಒರೆಸುತ್ತಿದ್ದರು. ಆಮೇಲೆ ಮರ ಮುರಿಯುವ ಸದ್ದು, ಅದರ ಹಿಂದೆಯೇ ದೊಡ್ಡ ಪೆಟ್ಟು. ಬಸ್ಸಿನ ನೆಲ ಅದುರಿತು. "ಬಿತ್ತ, ಬಿತ್ತ! ಇಳೀರಿ ಎಲ್ಲಾರೂ, ದಬ್ಬೂಣು!" ಎಂದು ಕೂಗು ಕೇಳಿತು. ಗಂಡಸರು ಇಳಿದು ಓಡಿದರು.

ದಿಮ್ಮಿ ಇಳಿಜಾರಿಗೆ ಉರುಳಿದ ಮೇಲೆ ಅಣ್ಣ ಬಸ್ಸು ಹತ್ತಿದ. ಮುಖ, ಎದೆ ಎಲ್ಲ ಮರದ ಹಸಿ ಪುಡಿ. ಅವನು ಖಾದರನ ತಲೆಯ ಬಳಿ ನೆಲದ ಮೇಲೆ ಕೂತ.

"ಲೇ, ಎಚ್ಚರ ಅದೀ ಇಲ್ಲೋ?"

ಖಾದರ್ ಅವನನ್ನು ಬಹಳ ಹೊತ್ತು ನೋಡಿದ. "ಒಬ್ಬನ ಕೊಯ್ದಿ ಅಲ್ಲ," ಎಂದ.

ಬಸ್ಸು ಹೊರಟಿತು.

ಖಾನಾಪುರದಲ್ಲಿ ಹೊಲಿಗೆ ಹಾಕಿ, ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಎಲುಬಿಗೆ ಪೆಟ್ಟಾಗಿತ್ತು. ಜೀವಕ್ಕೆ ಅಪಾಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ ನಾನು ಕಚೇರಿಗೆ ಹೋಗಿ ವರದಿ ಬರೆದೆ. ಲೋಂಡಾ ರಸ್ತೆಯಲ್ಲಿ ಮರ ಬಿದ್ದು ಸಂಚಾರ ಸ್ಥಗಿತ. ತೆರವು ಮಾಡುವಾಗ ಒಬ್ಬನಿಗೆ ಗಾಯ. ಹೆಸರು, ವಯಸ್ಸು, ಊರು ಮೂರನ್ನೂ ಬರೆದಿದ್ದೆ. ಮರುದಿನ ಪತ್ರಿಕೆಯಲ್ಲಿ ಹೆಸರಿರಲಿಲ್ಲ. ಜಾಗ ಸಾಲಲಿಲ್ಲವಂತೆ.

ಗಣೇಶ ಚೌತಿಯ ಹೊತ್ತಿಗೆ ಖಾದರ್ ಆಸ್ಪತ್ರೆಯಿಂದ ತನ್ನ ಮನೆಗೆ ಬಂದ. ಎಡಗಾಲು ಸ್ವಲ್ಪ ಗಿಡ್ಡವಾಗಿತ್ತು. ನೋಡಲು ಹೋದ ನಮ್ಮನ್ನು ಅವನು ಮಲಗಿದ್ದಲ್ಲಿಂದಲೇ ಮೊದಲು ಕೇಳಿದ್ದು, "ಹಿಡಿಕಿ ತಗದ್ಯೇನು?"

"ತಗದೆ," ಎಂದ ಅಣ್ಣ.

ಖಾದರ್ ಗೋಡೆಯ ಕಡೆ ಮಗ್ಗುಲಾದ. ಆ ದಸರೆಗೆ ಅವರಿಬ್ಬರೂ ಹಬ್ಬದ ಬನ್ನಿ ಎಲೆ ಕೊಟ್ಟುಕೊಳ್ಳಲಿಲ್ಲ. ಬನ್ನಿ ಕೊಡಲು ನಮ್ಮ ಮನೆಗೆ ಅವನು ಬರದ ಮೊದಲ ವರ್ಷ ಅದು. ನಾನು ಬೆಳಗಾವಿಗೆ ಮರಳಿದೆ.

ಮುಂದಿನ ಮಳೆಗಾಲ ಅಣ್ಣ ಒಬ್ಬನೇ ಯಂತ್ರ ಓಡಿಸಿದ. ಖಾದರ್ ಕರೆಯದೆಯೇ ಜೀಪು ಹತ್ತಿ ಕೂರುತ್ತಿದ್ದ. ಸ್ಥಳಕ್ಕೆ ಹೋದ ಮೇಲೆ ರಸ್ತೆಯಲ್ಲಿ ನಿಂತ ಯಾವುದಾದರೂ ಬಸ್ಸಿನೊಳಗೆ ಹೋಗಿ, ಕಿಟಕಿಯ ಬಳಿ ಕೂತು, ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸದ್ದು ನಿಂತ ಮೇಲೆ ಇಳಿದುಬಂದು, ಎಲ್ಲೆಲ್ಲಿ ತಪ್ಪಾಯಿತೆಂದು ಹೇಳುತ್ತಿದ್ದ. ಅಣ್ಣ ತಿರುಗಿ ಬೈಯುತ್ತಿದ್ದ. ಮಾತು ಮತ್ತೆ ಶುರುವಾದದ್ದು ಹೀಗೆ ಎಂದು ವೈನಿ ಹೇಳಿದಳು.

ಕಳೆದ ವರ್ಷ ಖಾನಾಪುರಕ್ಕೆ ಹೋದಾಗ ಪಡಸಾಲೆಯಲ್ಲಿ ಕೌದಿ ಎತ್ತಿ ನೋಡಿದೆ. ಅಲಗಿನ ತುದಿಗೆ ಹೊಸ ಹಿಡಿಕೆ ಇತ್ತು. ಅದಕ್ಕೂ ಚೈನಿಗೂ ನಡುವೆ ಕಬ್ಬಿಣದ ತಗಡು. ಖಾದರ್ ತಾನೇ ವಡಗಾವಿಗೆ ಹೋಗಿ ದಾದಾಪೀರನಿಂದ ಮಾಡಿಸಿ ತಂದಿದ್ದನಂತೆ. ಮುಂಬೈಯ ಸ್ಪ್ರಿಂಗು ಇನ್ನೂ ಬಂದಿರಲಿಲ್ಲ.

"ನೀ ಒಪ್ಪಿದ್ಯಾ?" ಎಂದು ಅಣ್ಣನನ್ನು ಕೇಳಿದೆ.

"ಎಳ್ಯಂಗಿಲ್ಲ ಅಂತ ಆಣಿ ಮಾಡ್ಯಾನ."

"ಎಳ್ಯಂಗಿಲ್ಲೇನು?"

ಅಣ್ಣ ಕೌದಿಯನ್ನು ಮತ್ತೆ ಮುಚ್ಚುತ್ತ ಹೇಳಿದ: "ಒಮ್ಮೊಮ್ಮೆ ಎಳೀತಾನ."

ವೈನಿ ಒಳಗಿನಿಂದ ಕೂಗಿದಳು: "ನೀ ಯಾಕ ತಲಿ ಕೆಡಿಸ್ಕೋತಿ ಮೈದುನಾ? ಹೆದರಾಕ ನಾ ಒಬ್ಬಾಕಿ ಇದ್ದೀನಲ್ಲ, ಸಾಲದಾ?"

ಈಗ 1986ರ ಜುಲೈ. ಇಂದು ಬೆಳಿಗ್ಗೆ ಖಾನಾಪುರದಿಂದ ಕಚೇರಿಗೆ ಫೋನ್ ಬಂತು. ಜಾಂಬೋಟಿ ರಸ್ತೆಯಲ್ಲಿ ಹಳೆಯ ನೇರಳೆ ಮರವೊಂದು ಅಡ್ಡ ಬಿದ್ದಿದೆ. ಎರಡೂ ಕಡೆ ಗಾಡಿಗಳು ನಿಂತಿವೆ. ಈರಪ್ಪ ಮತ್ತು ಖಾದರ್ ಇಬ್ಬರೂ ಜೀಪಿನಲ್ಲಿ ಹೋಗಿದ್ದಾರೆ. ಸಂಜೆ ಪುಟ ಕಟ್ಟುವ ಹೊತ್ತಿಗೆ ರಸ್ತೆ ತೆರೆದ ಸುದ್ದಿ ಬಂದಿರಲಿಲ್ಲ.